ಬೆರಳಷ್ಟು ಸಂದಿ

ಆ ಊರಿಗೆ ದಾರಿ ಯಾವುದೆಂದು ಕೇಳಬೇಡಿ. ಹೋದವರಿಗೆ ನೆನಪಿಲ್ಲ, ನೆನಪಿದೆ ಅನ್ನುವವರು ಹೋಗಿಲ್ಲ. ಹೊಳೆ ಕಡಲಿಗೆ ಬೀಳುವ ಕಡೆ, ಕೆಸರಿನಲ್ಲಿ ಕಂಬ ಊರಿ, ಕಂಬದ ಮೇಲೆ ತೊಲೆ ಹಾಸಿ, ತೊಲೆಯ ಮೇಲೆ ಹಲಗೆ ಬಡಿದು ಕಟ್ಟಿದ ಊರು ಅದು ಎಂದಷ್ಟೇ ಹೇಳಬಲ್ಲೆ. ಹಲಗೆಯ ಕೆಳಗೆ ಮಣ್ಣಿಲ್ಲ, ಕರಿ ಕೆಸರಿದೆ. ಆ ಕೆಸರಿಗೆ ತಳವಿದೆಯೋ ಇಲ್ಲವೋ ಕಂಡವರಿಲ್ಲ. ಬಿದ್ದ ಸೌಟೂ ಸಿಕ್ಕಿಲ್ಲ, ಬಿದ್ದ ಎತ್ತೂ ಸಿಕ್ಕಿಲ್ಲ.

ಹಾಗಾಗಿ ಅಲ್ಲಿಯವರಿಗೆ ನೆಲವೇ ಮನೆ. ಸೂರು ಸೋರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಗೋಡೆ ವಾಲಿದರೆ ಒಂದು ಬೊಂಬು ಆನಿಸಿ ಸುಮ್ಮನಾಗುತ್ತಾರೆ. ಹೆಣ್ಣು ನೋಡಲು ಹೋದವರು ಹೆಣ್ಣಿನ ಮುಖವನ್ನು ಆಮೇಲೆ ನೋಡುತ್ತಾರೆ, ಮೊದಲು ಹಿಮ್ಮಡಿಯಿಂದ ನೆಲ ಗುದ್ದಿ ಕಿವಿಗೊಡುತ್ತಾರೆ. ಆ ಊರಿಗಿದ್ದ ಕಟ್ಟಳೆ ಒಂದೇ: ನೆಲ ಮುರಿದವರು ಊರು ಬಿಡಬೇಕು.

ಮಳೆಗಾಲ ಮುಗಿದು ಮೊದಲ ಬಿಸಿಲು ಬಿದ್ದ ದಿನ ತುಳಿತ. ಕೋಲಿನ ಹಿರಿಯ ಮುಂದೆ, ತಮಟೆ ಹಿಂದೆ, ನಡುವೆ ತುಳಿಯುವವನು. ತುಳಿಯುವವನೆಂದರೆ ಊರಿನ ಅತಿ ಭಾರದ ಮನುಷ್ಯ. ಭಾರ ಇಳಿಯದಿರಲೆಂದು ವರ್ಷವಿಡೀ ಊರೇ ಅವನ ಹೊಟ್ಟೆ ನೋಡಿಕೊಳ್ಳುತ್ತದೆ. ಅವನು ಕಾಲಿಗೆ ಕಲ್ಲಿನ ಪಾದುಕೆ ಕಟ್ಟಿಕೊಂಡು ಒಂದೊಂದೇ ಮನೆಯೊಳಗೆ ಹೋಗಿ ಒಂಬತ್ತು ಹೆಜ್ಜೆ ತುಳಿಯುತ್ತಾನೆ. ಒಂಬತ್ತಕ್ಕೂ ಹಲಗೆ ತಡೆದರೆ ಮನೆಯವರಿಗೆ ಇನ್ನೊಂದು ವರ್ಷ. ಮುರಿದರೆ, ಆ ಮುರಿದ ಹಲಗೆಯನ್ನು ತಲೆಯ ಮೇಲೆ ಹೊತ್ತು, ತಮಟೆಯ ಹಿಂದೆ ಕೊನೆಯ ಮನೆಯವರೆಗೂ ನಡೆದು, ಹೊತ್ತು ಮುಳುಗುವಷ್ಟರಲ್ಲಿ ಊರಬಾಗಿಲು ದಾಟಬೇಕು. ನಡೆಯಲಾರದವರು ದಾಟುವಂತಿಲ್ಲ. ಅವರನ್ನು ಊರಮನೆಯ ಜಗಲಿಯಲ್ಲಿ ಕೂರಿಸುತ್ತಾರೆ. ಅಲ್ಲಿ ಕೂತವರಿಗೆ ಅನ್ನ ಸಿಗುತ್ತದೆ, ಆದರೆ ಅವರ ಹೆಸರು ಹಿಡಿದು ಆಮೇಲೆ ಯಾರೂ ಕೂಗುವುದಿಲ್ಲ.

ಹಗ್ಗದವಳ ಮನೆ ಊರಿನ ಕೊನೆಯ ಮನೆ. ಬೇರೆಯವರ ಮನೆ ಚೌಕ, ಅವಳದು ಉದ್ದ. ಹಗ್ಗ ಹೊಸೆಯುವವರು ಹಿಂದಕ್ಕೆ ನಡೆಯಬೇಕಲ್ಲ, ಅದಕ್ಕೆ. ಒಂದು ತುದಿಯಲ್ಲಿ ಅತ್ತೆ ಕೂತು ರಾಟೆ ತಿರುಗಿಸುತ್ತಾಳೆ. ಸೊಸೆ ಸೊಂಟಕ್ಕೆ ತೆಂಗಿನ ನಾರು ಸುತ್ತಿಕೊಂಡು, ಬೆರಳ ಸಂದಿಯಿಂದ ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ಹೋಗುತ್ತಾಳೆ. ನಲವತ್ತು ಹೆಜ್ಜೆ ಹಿಂದಕ್ಕೆ, ನಲವತ್ತು ಹೆಜ್ಜೆ ಮುಂದಕ್ಕೆ. ಬೆನ್ನ ಹಿಂದೆ ಏನಿದೆ ಎಂದು ಕಣ್ಣಿಗೆ ಗೊತ್ತಿಲ್ಲ, ಕಾಲಿಗೆ ಗೊತ್ತು. ಬೇರೆಯವರು ವರ್ಷದಲ್ಲಿ ತುಳಿಯುವಷ್ಟನ್ನು ಅವಳು ವಾರದಲ್ಲಿ ತುಳಿಯುತ್ತಿದ್ದಳು. ಮಾವ ಹಾಸಿದ್ದ ಹಲಸಿನ ಹಲಗೆ ಅವಳ ದಾರಿಯುದ್ದಕ್ಕೂ ಸವೆದು ದೋಣಿಯ ಹೊಟ್ಟೆಯಂತೆ ಹಳ್ಳ ಬಿದ್ದಿತ್ತು.

ಮಾವ ತೀರಿಹೋಗಿದ್ದ, ಗಂಡನೂ ತೀರಿಹೋಗಿದ್ದ. ಅತ್ತೆಯ ಕಾಲು ಸ್ವಾಧೀನ ತಪ್ಪಿ ಹನ್ನೊಂದು ವರ್ಷ. ಬಾಯಿ ಮಾತ್ರ ಒಂದು ದಿನವೂ ಸ್ವಾಧೀನ ತಪ್ಪಿರಲಿಲ್ಲ.

ಹೋದ ತುಳಿತದಲ್ಲಿ ಒಂಬತ್ತನೆಯ ಹೆಜ್ಜೆಗೆ ಹಲಸಿನ ನೆಲ ನರಳಿತ್ತು. ಮುರಿಯಲಿಲ್ಲ, ನರಳಿತು. ಕೋಲಿನ ಹಿರಿಯ ಬಗ್ಗಿ ನೋಡಿ, "ಬರೋ ವರ್ಷ ನೋಡೋಣ," ಎಂದು ಹೋಗಿದ್ದ. ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅತ್ತೆ, ಈ ಸಲ ನೆಲ ಬದಲಾಯಿಸ್ಲೇಬೇಕು," ಅಂದಳು ಹಗ್ಗದವಳು.

"ಬದಲಾಯಿಸು. ಇಲ್ಲಾಂದ್ರೆ ನಾನು ಊರಮನೆ ಜಗಲಿಗೆ, ನೀನು ಹಲಗೆ ಹೊತ್ಕೊಂಡು ಊರಾಚೆಗೆ. ತಲೆಗೊಂದು ಸಿಂಬಿ ಬೇಕಾಗುತ್ತೆ, ಈಗ್ಲೇ ಸುತ್ತಿಡ್ಲಾ?"

ಅತ್ತೆ ನಗಾಡಿಕೊಂಡೇ ಹೇಳಿದಳು, ಆದರೆ ರಾಟೆ ತಪ್ಪು ದಿಕ್ಕಿಗೆ ತಿರುಗಿತು. ಹಗ್ಗದವಳು ಅದನ್ನು ನೋಡಿದಳು. ಈ ಮುದುಕಿಯನ್ನು ಆ ಜಗಲಿಯಲ್ಲಿ ಬಿಟ್ಟು ಹೋಗುವುದು ತನ್ನ ಪ್ರಾಣ ಹೋದರೂ ಆಗದ ಮಾತು ಎಂದು ಅವಳಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಯಿತು. ಮುರಿಯದ ನೆಲವೊಂದನ್ನು ಹಾಸಿಯೇ ತೀರುತ್ತೇನೆ ಎಂದುಕೊಂಡಳು. ಮೂಲೆಯಲ್ಲಿದ್ದ ಒನಕೆ ಹೆಗಲಿಗೇರಿಸಿಕೊಂಡು ಹಡಗು ನಿಲ್ಲುವ ದಕ್ಕೆಗೆ ಹೊರಟಳು.

ಊರ ಸುತ್ತ ಬೆಳೆಯುತ್ತಿದ್ದ ಮರವನ್ನೆಲ್ಲ ಊರು ಎಂದೋ ಹಾಸಿ ಮುಗಿಸಿತ್ತು. ಹಲಸು ಮುರಿಯಿತೆಂದು ಮತ್ತಿ ತಂದರು. ಮತ್ತಿ ಮುರಿಯಿತೆಂದು ತೇಗ, ತೇಗ ಮುರಿಯಿತೆಂದು ಬೀಟೆ. ಬೀಟೆಯೂ ಮುರಿದ ಮೇಲೆ ಕಡಲಾಚೆಯ ಮರ. ಪ್ರತಿ ವರ್ಷ ಇನ್ನಷ್ಟು ದೂರದ ಮರ, ಇನ್ನಷ್ಟು ಗಟ್ಟಿ ಮರ. ಪ್ರತಿ ವರ್ಷ ಊರಬಾಗಿಲು ದಾಟುವವರು ಮಾತ್ರ ಅಷ್ಟೇ ಮಂದಿ. ಎಲ್ಲೋ ಏನೋ ತಪ್ಪಿದೆ ಎಂದು ಒಬ್ಬ ಪುಣ್ಯಾತ್ಮನಿಗೂ ಅನ್ನಿಸಿರಲಿಲ್ಲ. ಮರ ಸಾಲದು ಅನ್ನಿಸುತ್ತಿತ್ತು, ಅಷ್ಟೆ.

ದಕ್ಕೆಯಲ್ಲಿ ಮರದ ಸಾಹುಕಾರ ಹಲಗೆಗಳನ್ನು ಮದುವೆ ಗಂಡುಗಳ ಹಾಗೆ ಸಾಲಾಗಿ ನಿಲ್ಲಿಸಿದ್ದ. ಹಗ್ಗದವಳ ಪಕ್ಕದ ಬೀದಿಯ ಉಪ್ಪಿನವನೂ ಅಲ್ಲೇ ಇದ್ದ. ಅವನ ನೆಲವೂ ಹೋದ ವರ್ಷ ನರಳಿತ್ತು.

"ಇದು ನೋಡು ತಂಗಿ, ಕರಿಮರ," ಅಂದ ಸಾಹುಕಾರ. "ಉಕ್ಕಿನ ಮೊಳೆ ಬಾಗುತ್ತೆ, ಇದು ಬಾಗಲ್ಲ. ನೀರಿಗೆ ಹಾಕು, ಕಲ್ಲು ಮುಳುಗಿದಂಗೆ ಮುಳುಗುತ್ತೆ."

ಮೊಳೆ ಹೊಡೆದ, ಮೊಳೆ ಬಾಗಿತು. ತುಂಡೊಂದನ್ನು ತೊಟ್ಟಿಗೆ ಹಾಕಿದ, ತುಂಡು ಮುಳುಗಿತು. ಉಪ್ಪಿನವನ ಮುಖ ಅರಳಿತು. "ನಂಗಿದೇ ಇರಲಿ. ಬರ್ಲಿ ಈ ಸಲ ತುಳಿಯೋನು, ಅವನ ಪಾದುಕೆ ಪುಡಿಯಾಗದಿದ್ರೆ ಕೇಳು," ಎಂದು ಕೈ ಉಜ್ಜಿಕೊಂಡ.

ಹಗ್ಗದವಳು ಒನಕೆ ಎತ್ತಿ ಕರಿಮರದ ಮೇಲೆ ಒಂದೇ ಒಂದು ಸಲ ಕುಟ್ಟಿದಳು. ಒನಕೆ ಹಾರಿ ಹಿಂದಕ್ಕೆ ಬಂತು. ಹಲಗೆಯ ಮೈಮೇಲೆ ಗುರುತೇ ಇಲ್ಲ. ಅವಳು ಕೂತು ಅಂಚಿನ ಮೇಲೆ ಉಗುರು ಎಳೆದಳು, ಅಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. "ಪೆಟ್ಟು ತಿಂದು ನುಂಗಲ್ಲ ಇದು, ಸಿಡುಕಿನ ಮರ," ಅಂದಳು. ಉಪ್ಪಿನವನು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಕೆಂಪುಮರ. "ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ. ಹೊಸದಾಗಿ ಮದುವೆಯಾದೋರೆಲ್ಲ ಇದನ್ನೇ ಕೇಳ್ತಾರೆ," ಅಂದ ಸಾಹುಕಾರ. ಅವಳು ಕುಟ್ಟಿದಳು, ಕೆಂಪುಮರದ ಮೇಲೆ ಬಳೆಯಷ್ಟು ಅಗಲದ ತಗ್ಗು ಬಿತ್ತು. ಸಾಹುಕಾರ ಅವಸರದಲ್ಲಿ ಅದರ ಮೇಲೆ ಬಟ್ಟೆ ಎಳೆದ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಅವಳು ಗೊಣಗಿದ್ದು ಅವನಿಗೆ ಕೇಳಿಸಿರಬೇಕು. ಅವನ ಮಾತು ಸ್ವಲ್ಪ ಸಣ್ಣದಾಯಿತು.

ಹೀಗೆ ಅವಳು ಹನ್ನೆರಡು ಮರ ಕುಟ್ಟಿದಳು. ತೋಳು ಸೋತಿತು. ಉಸಿರು ತೆಗೆದುಕೊಳ್ಳಲೆಂದು ಒನಕೆ ಊರಿ ನಿಂತಾಗ ಎದುರಿಗೆ ಹಮಾಲರು ಮೂಟೆ ಹೊತ್ತು ಹಡಗಿನಿಂದ ಇಳಿಯುತ್ತಿರುವುದು ಕಂಡಿತು. ಹಡಗಿಗೂ ದಕ್ಕೆಗೂ ನಡುವೆ ಒಂದು ಉದ್ದನೆಯ ಹಲಗೆ ಹಾಕಿತ್ತು. ಒಬ್ಬನ ಹಿಂದೆ ಒಬ್ಬ, ಒಬ್ಬನ ಹಿಂದೆ ಒಬ್ಬ, ಹಲಗೆ ತುಸು ತಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಅವಳು ತುಂಬ ಹೊತ್ತು ಅದನ್ನೇ ನೋಡಿದಳು.

"ಅದು ಯಾವ ಮರ?"

"ಯಾವುದು, ಅದಾ? ಅದು ಹಮಾಲರು ತುಳಿಯೋ ಹಲಗೆ ತಾಯಿ."

"ಎಷ್ಟು ವರ್ಷದ್ದು?"

"ನಮ್ಮಪ್ಪ ಹಾಕಿದ್ದು. ನಾನಂತೂ ಬದಲಾಯಿಸಿಲ್ಲ."

ಹಗ್ಗದವಳು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಅಂಗೈಯಿಟ್ಟು ನೋಡಿದಳು. ಬಿಸಿಲು ತಿಂದ ಹಲಗೆ, ಉಪ್ಪುನೀರು ಕುಡಿದ ಹಲಗೆ, ಎರಡು ತಲೆಮಾರಿನ ಮೂಟೆ ಹೊತ್ತ ಹಲಗೆ. ಮೇಲೆ ನುಣುಪಾಗಿತ್ತು, ಸವೆದಿರಲಿಲ್ಲ. ಒನಕೆ ಎತ್ತಿ ಕುಟ್ಟಿದಳು. ಒನಕೆ ಹಾರಲೂ ಇಲ್ಲ, ತಗ್ಗು ಬೀಳಲೂ ಇಲ್ಲ, ಸದ್ದು ಮಾತ್ರ ಒಳಗೆಲ್ಲೋ ಇಳಿದು ಹೋಯಿತು.

"ನಂಗಿದೇ ಬೇಕು."

"ಅಯ್ಯೋ, ಅದು ಮನೆಗೆ ಹಾಕೋದಲ್ಲಮ್ಮ. ಸಗಣಿ ಬಣ್ಣ. ನೆಂಟರಿಷ್ಟರು ಬಂದ್ರೆ ಏನಂದಾರು? ಹಮಾಲರು ತುಳಿಯೋದು ಅದನ್ನ."

"ನಮ್ಮನೇಲೂ ತುಳಿಯೋದೇ ಕೆಲಸ," ಅಂದಳು ಅವಳು.

ಆ ಮರದ ಹುಟ್ಟೂರು ಮಳೆ ನಿಲ್ಲದ ಕಾಡಂತೆ. ಅಲ್ಲಿ ಒಂದು ಸಸಿ ಮರವಾಗುವಷ್ಟರಲ್ಲಿ ಮೂರು ತಲೆಮಾರು ಹುಟ್ಟಿ ಸಾಯುತ್ತದಂತೆ. ಅಲ್ಲಿಂದ ಇಲ್ಲಿಗೆ ಏಳು ತಿಂಗಳ ಕಡಲು. ಕೊಳ್ಳುವವರಿಲ್ಲದೆ ಉಗ್ರಾಣದ ಹಿಂದೆ ಒಂದು ರಾಶಿ ಬಿದ್ದಿತ್ತು. ಅವಳು ಲಂಗರಿಗೆಂದು ಹೊಸೆದಿಟ್ಟಿದ್ದ ದಪ್ಪ ಹಗ್ಗವನ್ನೆಲ್ಲ ಮನೆಯಿಂದ ತಂದು ಕೊಟ್ಟು, ಆ ರಾಶಿಯನ್ನು ಗಾಡಿಗೆ ಏರಿಸಿದಳು.

ಆ ಊರಲ್ಲಿ ಇನ್ನೊಂದು ರೂಢಿ. ಹೊತ್ತು ಹುಟ್ಟಿದ ಮೇಲೆ ಕೊಂಡ ಹಲಗೆಯನ್ನು ಹೊತ್ತು ಮುಳುಗುವ ಮುಂಚೆ ಹಾಸಿ ಮುಗಿಸಬೇಕು. ಅದಕ್ಕೆಂದೇ ನೆಲ ಹಾಸುವವರು ಕೊಡತಿ ಹಿಡಿದುಕೊಂಡು ಗಾಡಿಯ ಹಿಂದೆಯೇ ಬರುತ್ತಾರೆ. ಗೋಡೆಯಿಂದ ಗೋಡೆಗೆ, ಹಲಗೆಗೆ ಹಲಗೆ ಒತ್ತಿ, ಇನ್ನು ಒಂದು ಕೂದಲೂ ತೂರದು ಅನ್ನುವವರೆಗೂ ಬಡಿಯುತ್ತಾರೆ. ಸಂದಿ ಬಿಟ್ಟರೆ ಕೆಳಗಿನ ಕೆಸರು ಮನೆಯವರ ಹೆಸರು ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡರೆ ಕರೆಯುತ್ತದೆ ಎಂಬ ನಂಬಿಕೆ.

"ಜಾಗ ಬಿಡು ಅಕ್ಕಾ, ಸಂಜೆಯೊಳಗೆ ಬಡಿದು ಕೈ ತೊಳ್ಕೋತೀವಿ," ಅಂದ ನೆಲ ಹಾಸುವವರ ಮೇಸ್ತ್ರಿ.

ಅತ್ತೆ ಹಲಗೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು ಸವರುತ್ತಿದ್ದಳು. "ಇವತ್ತು ಬೇಡ," ಅಂದಳು.

"ಯಾಕಜ್ಜಿ?"

"ಏಳು ತಿಂಗಳು ನೀರ ಮೇಲೆ ಬಂದಿದೆ. ಈ ಊರಿನ ಗಾಳಿ ಹೆಂಗೆ, ಬಿಸಿಲು ಹೆಂಗೆ, ಇದಕ್ಕೇನು ಗೊತ್ತು? ಬಂದ ದಿನವೇ ಹೊಸಬರನ್ನ ಕೆಲಸಕ್ಕೆ ಹಚ್ಚಬಾರದು ಕಣಪ್ಪ. ನಾನು ಹಚ್ಚಿ ಕೆಟ್ಟೆ. ಇವಳು ಈ ಮನೆಗೆ ಬಂದ ದಿನವೇ ರಾಟೆ ಮುಂದೆ ನಿಲ್ಲಿಸ್ದೆ. ಮೂರು ವರ್ಷ ನನ್ನ ಜೊತೆ ಮಾತಾಡ್ಲಿಲ್ಲ."

"ನಾಲ್ಕು," ಅಂದಳು ಸೊಸೆ.

"ನಾಲ್ಕು," ಎಂದು ಅತ್ತೆ ಒಪ್ಪಿಕೊಂಡಳು.

ಮೇಸ್ತ್ರಿಗೆ ಇದು ಹುಚ್ಚರ ಸಂತೆ ಅನ್ನಿಸಿತು. "ತುಳಿತದ ದಿನ ನೆಲ ಇಲ್ಲದ ಮನೆ ಅಂದ್ರೆ ಮುರಿದ ಮನೆ ಅಂತಲೇ ಲೆಕ್ಕ, ನೆನಪಿರ್ಲಿ," ಎಂದು ಕೊಡತಿಯನ್ನು ಹೆಗಲಿಗೆ ಹಾಕಿಕೊಂಡು ಹೋದ.

ಹಲಗೆಗಳು ಆ ಉದ್ದನೆಯ ಮನೆಯ ಗೋಡೆಯ ಪಕ್ಕ ಮಲಗಿದವು. ಒಂದರ ಮೇಲೊಂದು ಇಟ್ಟು, ಗಾಳಿಯಾಡಲೆಂದು ನಡುನಡುವೆ ಕಡ್ಡಿ ಇಟ್ಟಿದ್ದಳು. ಬೇಸಿಗೆ ಹೊರಗೆ ಉರಿಯಿತು. ಅವಳು ಹಲಸಿನ ಹಳ್ಳದಲ್ಲಿ ನಲವತ್ತು ಹೆಜ್ಜೆ ಹಿಂದಕ್ಕೆ ನಡೆದಳು, ನಲವತ್ತು ಹೆಜ್ಜೆ ಮುಂದಕ್ಕೆ ನಡೆದಳು, ಹಲಗೆಗಳು ನೋಡುತ್ತ ಮಲಗಿದ್ದವು. ಬೀದಿಯಲ್ಲಿ ಉಪ್ಪಿನವನ ಕರಿ ನೆಲ ನೋಡಲು ಜನ ಸಾಲುಗಟ್ಟಿದರು. ಇವಳ ಮನೆಯ ಮುಂದೆ ಹೋಗುವವರು, "ಏನವ್ವಾ, ನಿಮ್ಮ ನೆಂಟರು ಎದ್ರಾ, ಇನ್ನೂ ನಿದ್ದೇನಾ?" ಎಂದು ಕೇಳಿ ನಗುತ್ತಿದ್ದರು.

ಹಗ್ಗದವರ ಚಾಳಿ, ಯಾವುದಕ್ಕಾದರೂ ಒಂದು ದಾರ ಸುತ್ತದೆ ಕೈ ಸುಮ್ಮನಿರದು. ಒಂದು ದಿನ ಅವಳು ಮೇಲಿನ ಹಲಗೆಯ ಸೊಂಟಕ್ಕೆ ಬಿಗಿಯಾಗಿ ಒಂದು ನೂಲು ಸುತ್ತಿ ಗಂಟು ಹಾಕಿದಳು. ಉರಿಬಿಸಿಲಿನ ವಾರಗಳಲ್ಲಿ ಆ ನೂಲು ಸಡಿಲಾಗಿ ಕೆಳಗೆ ಜಾರಿತು. ಮತ್ತೆ ಬಿಗಿದು ಕಟ್ಟಿದಳು. ಮುಂಗಾರಿಗೆ ಮೊದಲು ಒಂದು ಅಡ್ಡಮಳೆ ಬಂತು. ಮೂರು ದಿನ ಮೋಡ, ಮೂರು ದಿನ ತೇವ. ನಾಲ್ಕನೆಯ ದಿನ ಮಧ್ಯಾಹ್ನ ಇಬ್ಬರೂ ಗಂಜಿ ಕುಡಿಯುತ್ತ ಕೂತಿದ್ದಾಗ ಟಪ್ಪೆಂದು ನೂಲು ಹರಿಯಿತು.

ಹಗ್ಗದವಳು ಬಟ್ಟಲು ಕೆಳಗಿಟ್ಟು ಎದ್ದುಹೋಗಿ ಹರಿದ ನೂಲನ್ನು ಕೈಯಲ್ಲಿ ಹಿಡಿದು ನಿಂತಳು. ದೋಣಿಯ ಹಗ್ಗವನ್ನು ಮಳೆಗೆ ಮುಂಚೆ ಸಡಿಲ ಬಿಡಬೇಕು ಎಂಬುದು ಅವಳ ಕಸುಬಿನ ಮೊದಲ ಪಾಠ. ಬಿಗಿದು ಕಟ್ಟಿದರೆ ನೆಂದಾಗ ಹಗ್ಗ ಇನ್ನೂ ಬಿಗಿದು ಗೂಟವನ್ನೇ ಕಿತ್ತು ಹಾಕುತ್ತದೆ.

"ಅತ್ತೆ," ಅಂದಳು, "ಇದು ಉಸಿರಾಡುತ್ತೆ."

"ಬದುಕಿದ್ದದ್ದಲ್ವೇನೆ, ಆಡ್ದೆ ಇರುತ್ತಾ?"

"ಅಷ್ಟೂ ಜನ ಊರು ಬಿಟ್ಟದ್ದು ಮರ ಮೆತ್ತಗಿತ್ತು ಅಂತ ಅಲ್ಲ ಅತ್ತೆ. ಮರಕ್ಕೆ ಜಾಗ ಇರಲಿಲ್ಲ. ಬೇಸಿಗೇಲಿ ಒತ್ತಿ ಬಡೀತಾರೆ, ಮಳೇಲಿ ಅದು ಹಿಗ್ಗುತ್ತೆ, ಹಿಗ್ಗಿ ಎಲ್ಲಿಗೆ ಹೋಗ್ಬೇಕು? ಉಬ್ಬುತ್ತೆ. ಉಬ್ಬಿದ್ರ ಮೇಲೆ ಇವನು ಕಲ್ಲು ಕಟ್ಕೊಂಡು ಕಾಲಿಡ್ತಾನೆ."

ತಲೆಯ ಮೇಲೆ ಹಲಗೆ ಹೊತ್ತು ಹೋದ ಒಬ್ಬೊಬ್ಬರೂ ಅವಳ ಕಣ್ಣ ಮುಂದೆ ಬಂದರು. ಅವರು ಹೊತ್ತು ಹೋದದ್ದೆಲ್ಲ ಗಟ್ಟಿ ಹಲಗೆಗಳೇ. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

ಮಾರನೆಯ ಬೆಳಿಗ್ಗೆ ಮೇಸ್ತ್ರಿಯ ಬಳಿ ಹೋದಳು. "ನೆಲ ಹಾಸಿಕೊಡಿ. ಸುತ್ತ ಗೋಡೆ ಬುಡದಲ್ಲಿ ಒಂದು ಬೆರಳು ಜಾಗ ಬಿಡಿ. ಹಲಗೆಗೂ ಹಲಗೆಗೂ ನಡುವೆ ಒಂದು ನೂಲಷ್ಟು," ಅಂದಳು.

ಮೇಸ್ತ್ರಿ ಕಿವಿ ಮುಚ್ಚಿಕೊಂಡ. "ನಾನು ಹಾಸಿದ ನೆಲದಲ್ಲಿ ಇರುವೆ ತೂರಿದ್ದಿಲ್ಲ ಅಕ್ಕಾ. ಸಂದಿ ಬಿಟ್ರೆ ನಾಳೆ ನಂಗ್ಯಾರು ಕೆಲಸ ಕೊಡ್ತಾರೆ? ಕೊಡತಿ ಮುಟ್ಟಿದ ಕೈ ಇದು, ಮಾನ ಇದೆ ಇದಕ್ಕೆ."

ಸುದ್ದಿ ಹಬ್ಬಿ ಕೋಲಿನ ಹಿರಿಯನೇ ಅವಳ ಬಾಗಿಲಿಗೆ ಬಂದ. ಹೊಸ್ತಿಲು ದಾಟದೆ ನಿಂತು, "ಸಂದಿ ಬಿಟ್ಟ ನೆಲಾನ ಈ ಊರು ನೋಡಿಲ್ಲಮ್ಮ," ಅಂದ.

"ಈ ಸಲ ನೋಡ್ಲಿ ಸ್ವಾಮಿ."

"ಮುರಿದ್ರೆ ನಿಮ್ಮತ್ತೆ ಗತಿ ಏನು, ಯೋಚನೆ ಮಾಡಿದೀಯಾ?"

"ಅದನ್ನ ಬಿಟ್ಟು ಬೇರೆ ಏನೂ ಯೋಚನೆ ಮಾಡ್ತಿಲ್ಲ."

ಅವಳೇ ಹಾಸಿದಳು. ಹಲಸಿನ ಹಲಗೆಗಳನ್ನು ಕಿತ್ತು ಒಲೆಯ ಪಕ್ಕ ಒಟ್ಟಿದಳು. ಹೊಸ ಹಲಗೆಗೆ ಮೊಳೆ ಹೋಗುತ್ತಿರಲಿಲ್ಲ, ಬೈರಿಗೆ ಹಿಡಿದು ಒಂದೊಂದು ತೂತು ಕೊರೆಯಬೇಕಾಗಿತ್ತು. ಒಂದು ತೂತಿಗೆ ಒಂದು ಗಳಿಗೆ. ಅಂಗೈ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದು, ಕೊನೆಗೆ ದಡ್ಡುಗಟ್ಟಿತು. ಮರದ ಪುಡಿ ಹಳದಿ, ಮೂಗಿಗೆ ಹೋದರೆ ಮೆಣಸಿನ ಘಾಟು. ಅತ್ತೆ ತೆವಳಿಕೊಂಡು ಬಂದು ತೂತಿಗೆ ಬಡಿಯುವ ಗೂಟ ಕೊಡುತ್ತಿದ್ದಳು, ಗೋಡೆಗೂ ಹಲಗೆಗೂ ನಡುವೆ ತನ್ನ ತೋರುಬೆರಳನ್ನೇ ಇಟ್ಟು ಅಳೆಯುತ್ತಿದ್ದಳು. "ಹೂಂ, ಬೆರಳು ಆಡುತ್ತೆ. ಮುಂದಕ್ಕೆ ಹೋಗು." ದಿನಕ್ಕೆ ಎರಡು ಹಲಗೆ, ಕೆಲವು ದಿನ ಒಂದು. ಒಂದೊಂದು ದಿನ ಅವಳು ಬೈರಿಗೆಯ ಮೇಲೆ ಹಣೆಯಿಟ್ಟು ಕೂತುಬಿಡುತ್ತಿದ್ದಳು. ಆಗ ಅತ್ತೆ ಬೆನ್ನು ಸವರುತ್ತಿದ್ದಳು, ಮತ್ತೆ ಬೈರಿಗೆ ತಿರುಗುತ್ತಿತ್ತು. ಕೊನೆಯ ಹಲಗೆ ಕೂತ ದಿನವೇ ಮುಂಗಾರು ಹಿಡಿಯಿತು.

ಮಳೆ ಬಂತು. ಕೆಸರು ಮೇಲೇರಿ ಕಂಬದ ಕುತ್ತಿಗೆ ಹಿಡಿಯಿತು. ಬೀದಿಯ ಅಷ್ಟೂ ಮನೆಗಳಲ್ಲಿ ಹಲಗೆಗಳು ಒಂದನ್ನೊಂದು ತಳ್ಳುವ ಸದ್ದು. ಜನ ಅದನ್ನು ಇಲಿ ಅಂದುಕೊಂಡರು. ಹಗ್ಗದವಳ ಮನೆಯಲ್ಲಿ ಅತ್ತೆ ದಿನಾ ಬೆರಳಿಟ್ಟು ನೋಡುತ್ತಿದ್ದಳು. ತೋರುಬೆರಳು ಹೋಗದಾದಾಗ ಕಿರುಬೆರಳು, ಕಿರುಬೆರಳು ಹೋಗದಾದಾಗ ಕಡ್ಡಿ. ಮಳೆ ನಿಲ್ಲುವ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದು ಅಕ್ಕಿಕಾಳು ಕಷ್ಟಪಟ್ಟು ತೂರುವಷ್ಟು ಉಳಿದಿತ್ತು. ನೆಲ ಮಟ್ಟಸವಾಗಿತ್ತು.

ಮೊದಲ ಬಿಸಿಲು ಬಿತ್ತು. ತಮಟೆ ಎದ್ದಿತು.

ಉಪ್ಪಿನವನ ಕರಿ ನೆಲ ನಡುವೆ ಎತ್ತಿನ ಇಣಿಯಂತೆ ಉಬ್ಬಿತ್ತು. ಅವನು ಅದರ ಮೇಲೆ ಚಾಪೆ ಹಾಸಿ ಮುಚ್ಚಿದ್ದ. ತುಳಿಯುವವನು ನಾಲ್ಕನೆಯ ಹೆಜ್ಜೆ ಇಟ್ಟಾಗ ಬಂದ ಸದ್ದು ಇಡೀ ಬೀದಿಗೆ ಕೇಳಿಸಿತು. ಕೆಂಪುಮರ ಹಾಸಿದ್ದ ಹೊಸ ಮದುವೆಯವರ ಮನೆ ಆರನೆಯ ಹೆಜ್ಜೆಗೆ ಹೋಯಿತು. ಸಂಜೆ ತಮಟೆ ಕೊನೆಯ ಮನೆ ಮುಟ್ಟಿದಾಗ ಅದರ ಹಿಂದೆ ಎರಡು ಸಂಸಾರಗಳು, ಎರಡು ಹಲಗೆಗಳು. ಉಪ್ಪಿನವನ ಕುತ್ತಿಗೆ ಭಾರಕ್ಕೆ ನಡುಗುತ್ತಿತ್ತು. ಹೊಸ ಮದುಮಗಳ ಕೈಯಲ್ಲಿ ಇನ್ನೂ ಹಸಿರು ಬಳೆ.

ಹಿರಿಯ ಒಳಗೆ ಬಂದು ಗೋಡೆಯ ಬುಡ ನೋಡಿದ. ಕೋಲು ಕುಟ್ಟಿದ.

ಒಂದನೆಯ ಹೆಜ್ಜೆಗೆ ನೆಲ ತುಸು ತಗ್ಗಿತು, ಎದ್ದಿತು. ಎರಡನೆಯದಕ್ಕೆ ತಗ್ಗಿತು, ಎದ್ದಿತು. ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ತಗ್ಗಿತು, ಎದ್ದಿತು. ಆರಕ್ಕೆ ಅತ್ತೆ ಕಣ್ಣು ಮುಚ್ಚಿದಳು. ಏಳಕ್ಕೆ, ಎಂಟಕ್ಕೆ ತಗ್ಗಿತು, ಎದ್ದಿತು. ಒಂಬತ್ತನೆಯದನ್ನು ತುಳಿಯುವವನು ತನ್ನ ಮೈಭಾರವನ್ನೆಲ್ಲ ಹಾಕಿ ಇಟ್ಟ. ನೆಲ ತಗ್ಗಿತು, ಎದ್ದಿತು.

"ಅಲುಗಿತು," ಅಂದ ಹಿರಿಯ.

"ಅಲುಗಿತು ಸ್ವಾಮಿ. ಮುರೀಲಿಲ್ಲ," ಅಂದಳು ಹಗ್ಗದವಳು.

"ಅಲುಗೋದು ನೆಲವಲ್ಲ. ಇವತ್ತು ಅಲುಗಿದ್ದು ನಾಳೆ ಮುರಿಯುತ್ತೆ."

"ಹಂಗಾದ್ರೆ ಇನ್ನೊಂದು ಸಲ ತುಳೀಲಿ." ಅವಳು ತುಳಿಯುವವನ ಕಡೆ ತಿರುಗಿದಳು. "ಅಣ್ಣಾ, ಇನ್ನೊಂಬತ್ತು ಹಾಕು."

ತುಳಿಯುವವನು ತಬ್ಬಿಬ್ಬಾದ. ನಿಧಾನಕ್ಕೆ ಇಡಣ್ಣ, ಮಕ್ಕಳಿದಾವೆ ನೋಡಣ್ಣ, ಸಾಕು ಬಿಡಣ್ಣ, ಇವೇ ಅವನು ಕೇಳಿದ್ದ ಮಾತುಗಳು. ಇನ್ನೊಂಬತ್ತು ಹಾಕು ಎಂದವರಿರಲಿಲ್ಲ. ಅವನು ಹಾಕಿದ. ನೆಲ ತಗ್ಗಿತು, ಎದ್ದಿತು.

"ಇನ್ನೊಂಬತ್ತು."

ಅವನು ತನ್ನ ಕಾಲನ್ನೇ ನೋಡುತ್ತ ತುಳಿದ. "ಆ ತುದಿ ತನಕ ಹೋಗ್ಲಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದ.

"ಹೋಗಣ್ಣ. ನಾನು ದಿನಾ ಹೋಗ್ತೀನಿ."

ನಲವತ್ತು ಹೆಜ್ಜೆ ಹೋದ, ನಲವತ್ತು ಹೆಜ್ಜೆ ಬಂದ. ಹಣೆಯಿಂದ ಬೆವರು ಇಳಿಯುತ್ತಿತ್ತು. ನಡುಮನೆಯಲ್ಲಿ ನಿಂತ, ಬಗ್ಗಿ ಕಲ್ಲಿನ ಪಾದುಕೆಯ ಕಟ್ಟು ಬಿಚ್ಚಿದ, ಆಮೇಲೆ ಆ ಅಷ್ಟೂ ಮೈಯನ್ನು ಮೆಲ್ಲಗೆ ಇಳಿಸಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ನೆಲ ತಗ್ಗಿತು. ನೆಲ ಎದ್ದಿತು.

"ಏಳು," ಅಂದ ಹಿರಿಯ. "ಹೊತ್ತು ಮುಳುಗ್ತಾ ಬಂತು. ಇವರನ್ನ ಬಾಗಿಲು ದಾಟಿಸ್ಬೇಕು."

"ಕೂತಿದೀನಿ ಸ್ವಾಮಿ," ಅಂದ ಅವನು. ಬಿಚ್ಚಿದ ಪಾದುಕೆಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದ, "ನೆಲದ ಮೇಲೆ ಕೂರೋದು ಹಿಂಗಿರುತ್ತೆ ಅಂತ ಮರೆತೇ ಹೋಗಿತ್ತು. ನಾನು ಮಲಗೋದು ದಕ್ಕೆ ಕಲ್ಲಿನ ಮೇಲೆ. ನಂಗೆ ಈ ಕೆಲಸ ಕೊಟ್ಟ ವರ್ಷ ಮೊದಲ್ನೇ ಮನೆ ನಮ್ಮವ್ವಂದು. ಏಳನೇ ಹೆಜ್ಜೆಗೆ ಹೋಯ್ತು. ಆಯಮ್ಮ ಹಲಗೆ ಹೊತ್ಕೊಂಡು ಹೋದ್ಲು, ನಾನು ಎಂಟನೇ ಹೆಜ್ಜೆ ಇಡಲಾ ಬೇಡವಾ ಅಂತ ನಿಂತಿದ್ದೆ. ಅವತ್ತಿಂದ ಇವತ್ತಿನವರೆಗೆ ಯಾರ ಮನೇಲೂ ನಂಗೆ ಕೂರು ಅಂದಿಲ್ಲ."

ತಮಟೆಯವನು ತಮಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅತ್ತೆ ಮೂಗು ಒರೆಸಿಕೊಂಡು ಸೊಸೆಯನ್ನು ಗದರಿಸಿದಳು. "ಏನು ನೋಡ್ತಾ ನಿಂತಿದೀಯೇ? ಮನೆಗೆ ಬಂದವನಿಗೆ ನೀರು ಕೊಡು."

ಹಗ್ಗದವಳು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದುಕೊಟ್ಟಳು. ತುಳಿಯುವವನು ಎರಡೂ ಕೈಯಲ್ಲಿ ಚೊಂಬು ಹಿಡಿದು ಕುಡಿದ.

ಹಿರಿಯ ಕೋಲು ಎತ್ತಿ ಜೋರಾಗಿ ಕುಟ್ಟಿದ. "ಏಳದಿದ್ರೆ ಅವನೂ ಹಲಗೆ ಹೊರಬೇಕಾಗುತ್ತೆ!"

"ಯಾವ ಹಲಗೆ ಹೊರ್ತಾನೆ?" ಅಂದಳು ಹಗ್ಗದವಳು. "ನಮ್ಮನೇಲಿ ಮುರಿದ ಹಲಗೆ ಇಲ್ಲ." ಅವಳು ಬಾಗಿಲಿಗೆ ಅಡ್ಡವಾಗಿ ಬಂದು ನಿಂತಳು. "ನೆಲ ಮುರಿದವರು ಊರು ಬಿಡಬೇಕು, ಇದೇ ತಾನೇ ಕಟ್ಟಳೆ? ಈ ನೆಲ ಮುರಿದಿಲ್ಲ. ಇದರ ಮೇಲಿರೋರು ಯಾರೂ ಊರು ಬಿಡೋದಿಲ್ಲ."

ಹೊರಗೆ ಉಪ್ಪಿನವನು ಈ ಮಾತು ಕೇಳಿದ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. ಅವನು ಹಗ್ಗದವಳ ಮುಖ ನೋಡಿದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಂದು ಕಾಲು ಹೊಸ್ತಿಲ ಒಳಗಿಟ್ಟ, ಇನ್ನೊಂದು ಕಾಲು ಇಟ್ಟ. ಹಿಂದೆ ಅವನ ಹೆಂಡತಿ ಬಂದಳು. ಅವಳ ಸೆರಗು ಹಿಡಿದು ಹೊಸ ಮದುಮಗಳು, ಮದುಮಗಳ ಹಿಂದೆ ಗಂಡು. ಒಬ್ಬೊಬ್ಬರು ಬಂದಾಗಲೂ ನೆಲ ತಗ್ಗಿತು, ಎದ್ದಿತು.

ಹಿರಿಯ ಸುತ್ತ ನೋಡಿದ. ತುಳಿಯುವವನು ಅಂಗೈಯಿಂದ ಹಲಗೆ ಸವರುತ್ತ ಕೂತಿದ್ದ.

"ಸ್ವಾಮಿ, ನೀವೂ ಅದರ ಮೇಲೇ ನಿಂತಿದೀರಿ," ಅಂದಳು ಅತ್ತೆ. "ಬೆಳಗ್ಗಿಂದ ನಡೆದಿದೀರಿ. ಕೂತ್ಕೊಳ್ಳಿ."

ಹಗ್ಗದವಳು ನೀರಿಗೆಂದು ಒಳಗೆ ಹೋದಳು. ಇಷ್ಟು ಜನಕ್ಕೆ ಚೊಂಬು ಎಲ್ಲಿಗೆ ಸಾಲುತ್ತದೆ ಎಂದು ಕೊಡವನ್ನೇ ಸೊಂಟಕ್ಕೆ ಎತ್ತಿಕೊಂಡು ಬಂದಳು.